ಎರೆ ಮಣ್ಣು ಕುಂಡಕ್ಕ ಆಗತದೇನ್ರಿ? ತಾರಸಿ ಮ್ಯಾಲಿನ ಕಾಯಿಪಲ್ಲೆ ಬಗ್ಗೆ

ವಿದ್ಯಾನಗರ_ತಾರಸಿ

ಎಲ್ಲಾರಿಗೂ ನಮಸ್ಕಾರ. ಊರು ಹುಬ್ಬಳ್ಳಿ. ಆರ್‌ಸಿಸಿ ತಾರಸಿ, 20 ಅಡಿಗೆ 25 ಅಡಿ. ಮುಂಜಾನೆ 8ರಿಂದ ಸಂಜಿ 5ರ ತನಕ ಬಿಸಿಲು ಬೀಳತದ. 20 ಲೀಟರಿನ ಪೇಂಟ್ ಬಕೀಟ್ 30 ಅದಾವ. ನವಲಗುಂದ ಕಡಿ ಹೊಲದ ಎರೆ ಮಣ್ಣು ಮೂರು ಪಾಲು, ತಿಪ್ಪಿಗೊಬ್ಬರ ಒಂದು ಪಾಲು ಕಲಿಸಿ ತುಂಬೇವಿ. ಬದನಿ, ಟೊಮ್ಯಾಟೊ, ಮೆಣಸಿನಕಾಯಿ ಸಸಿ ಹಚ್ಚೇವಿ.

ತೊಂದರಿ ಏನಂದ್ರ, ನೀರು ಹಾಕಿದ ಕೂಡಲೇ ಕೆಳಗಿನ ತೂತಿನಿಂದ ಬರತದ, ಆದ್ರೂ ಗಿಡ ಬಾಡತಾವ. ಒಂದು ಗಿಡ ಕಿತ್ತು ನೋಡಿದ್ರ ಮ್ಯಾಲಿನ ಮಣ್ಣು ಹೆಂಟಿ ಹೆಂಟಿ ಒಣಗೇದ, ತಳದಾಗ ಕೆಸರು, ಬೇರು ಕಂದು ಬಣ್ಣ, ಕೆಟ್ಟ ವಾಸನಿ. ಹೊಲದಾಗ ಇದೇ ಮಣ್ಣು ಜ್ವಾಳ, ಕಡ್ಲಿ ಎಲ್ಲಾ ಕೊಡತದಲ್ಲ, ಕುಂಡದಾಗ ಯಾಕ ಹಿಂಗ? ಮಿರಗ (ಜೂನ್ ಮೊದಲಿನ ಮೃಗಶಿರಾ ಮಳಿ) ಕೂಡೂದ್ರೊಳಗ ಸರಿ ಮಾಡಬೇಕು.

ಎರೆಹೊಲ_ಅಣ್ಣಿಗೇರಿ

ಮಣ್ಣಿನ ತಪ್ಪಲ್ರೀ, ಜಾಗಾದ ತಪ್ಪು. ಎರೆ ಮಣ್ಣಿನಾಗ ಜೇಡಿ ಅಂಶ ಹೆಚ್ಚು. ನೀರು ಕುಡದ್ರ ಉಬ್ಬತದ, ಒಣಗಿದ್ರ ಕುಗ್ಗತದ. ಹೊಲದಾಗ ಕುಗ್ಗಿ ಬಿರುಕು ಬಿಟ್ರ ಆ ಬಿರುಕಿನಾಗ ಮೊದಲನೇ ಮಳಿ ಆಳಕ್ಕ ಇಳೀತದ, ಅಲ್ಲಿ ಅದು ವರ. ಬಕೀಟಿನಾಗ ಕುಗ್ಗಿದ್ರ ಏನಾಗತದ? ಮಣ್ಣಿನ ಗಡ್ಡಿ ಗ್ವಾಡಿ ಬಿಟ್ಟು ಒಳಗ ಸರೀತದ, ಸುತ್ತಲೂ ಅರ್ಧ ಸೆಂಟಿಮೀಟರ್ ಸಂದಿ ಬೀಳತದ. ನೀವು ಹಾಕಿದ ನೀರು ಆ ಸಂದಿಗುಂಟ ಸೀದಾ ತಳಕ್ಕ ಹೋಗತದ. ನಡುವಿನ ಗಡ್ಡಿಗೆ ಹನಿ ಮುಟ್ಟಂಗಿಲ್ಲ, ತಳಕ್ಕ ಮಾತ್ರ ರಾಡಿ. ನೀವು ಬರದ ಲಕ್ಷಣ ಎಲ್ಲಾ ಇದಕ್ಕ ಹೊಂದತಾವ.

ಈಗಿರೋ ಗಿಡ ಉಳಿಸಬೇಕಂದ್ರ ಬಕೀಟನ್ನ ಒಂದು ದೊಡ್ಡ ಟಬ್ ನೀರಿನಾಗ ಅರ್ಧ ಮುಳುಗೋ ಹಂಗ 20 ನಿಮಿಷ ಇಟ್ಟು ತಗೀರಿ. ನೀರು ಕೆಳಗಿಂದ ಏರತದ, ಗಡ್ಡಿ ಉಬ್ಬಿ ಸಂದಿ ಮುಚ್ಚತದ. ಆದ್ರ ಬೇರು ಕೊಳತ ಗಿಡಕ್ಕ ಇದನ್ನ ಮಾಡಬ್ಯಾಡ್ರಿ, ಅದನ್ನ ತಗದುಬಿಡೋದು ಛಲೋ. ಇದು ನಾಲ್ಕು ದಿನದ ಉಪಾಯ ಅಷ್ಟ. ಮಣ್ಣಿನ ಮಿಶ್ರಣ ಬದಲು ಮಾಡಲೇಬೇಕು.

ಸಪ್ತಾಪುರ_ಸಸ್ಯ

ಮೇಲೆ ಹೇಳಿದ್ದು ಸರಿ. ಅದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸುತ್ತೇನೆ. ಅದು ಗೊತ್ತಿಲ್ಲದೆ ಮಿಶ್ರಣ ಬದಲಿಸಿದರೂ ಮತ್ತೆ ಅದೇ ತಪ್ಪು ಆಗುತ್ತದೆ.

ಹೊಲದಲ್ಲಿ ಮಣ್ಣಿನ ಕೆಳಗೆ ಮತ್ತೆ ಮಣ್ಣೇ ಇರುತ್ತದೆ, ನೀರನ್ನು ಕೆಳಗಿನ ಪದರ ಹೀರಿಕೊಳ್ಳುತ್ತಲೇ ಹೋಗುತ್ತದೆ. ಕುಂಡದ ತಳದಲ್ಲಿ ಹೀರುವವರು ಯಾರೂ ಇಲ್ಲ. ತೂತು ಎಷ್ಟೇ ಇದ್ದರೂ ತಳದ ಒಂದಿಷ್ಟು ಎತ್ತರದವರೆಗೆ ಮಿಶ್ರಣ ನೀರಿನಿಂದ ತುಂಬಿಯೇ ಇರುತ್ತದೆ. ಆ ಎತ್ತರ ಎಷ್ಟು ಎಂಬುದನ್ನು ತೀರ್ಮಾನಿಸುವುದು ಕಣದ ಗಾತ್ರ. ಜೇಡಿಯಂಥ ಸಣ್ಣ ಕಣವಾದರೆ ನೀರು ನಿಲ್ಲುವ ಪದರ ದಪ್ಪ, ಸುಟ್ಟ ಭತ್ತದ ಹೊಟ್ಟು, ತೆಂಗಿನ ನಾರಿನಂಥ ಒರಟು ಕಣವಾದರೆ ತೆಳು. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡ ಹಿಡಿಯಿರಿ. ನೀರು ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ, ಮತ್ತಷ್ಟು ನೀರು ಇಳಿಯುತ್ತದೆ. ಎತ್ತರ ಹೆಚ್ಚಾದಂತೆ ಗಾಳಿಯಾಡುವ ಭಾಗ ಹೆಚ್ಚುತ್ತದೆ. ಪೇಂಟ್ ಬಕೆಟ್ ಸುಮಾರು 14 ಇಂಚು ಎತ್ತರ ಇರುವುದರಿಂದ ಪಾತ್ರೆ ಚೆನ್ನಾಗಿಯೇ ಇದೆ, ಒಳಗಿನದು ಮಾತ್ರ ಬದಲಾಗಬೇಕು.

30 ಬಕೆಟ್ ಅಂದರೆ 600 ಲೀಟರ್. ಅದಕ್ಕೆ ಅಳತೆ ಹೀಗಿರಲಿ:

ಮಸಾರಿ ಮಣ್ಣು (ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ ರಸ್ತೆ ಕಡೆ ಸಿಗುವ ಕೆಂಪು ಮಣ್ಣು) 150 ಲೀಟರ್, ಜರಡಿ ಹಿಡಿದದ್ದು. ನಿಮ್ಮಲ್ಲಿರುವ ಎರೆ ಮಣ್ಣು 50 ಲೀಟರ್, ಪೂರ್ತಿ ಒಣಗಿಸಿ ಪುಡಿ ಮಾಡಿದ್ದು. ಎರೆ ಮಣ್ಣು ಪೋಷಕಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಪೂರ್ತಿ ಬಿಡುವುದು ಬೇಡ, ಹನ್ನೆರಡರಲ್ಲಿ ಒಂದು ಪಾಲು ಸಾಕು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) 200 ಲೀಟರ್, ಅಂದರೆ 5 ಕಿಲೋದ ಇಟ್ಟಿಗೆ ಮೂರು. ಎರೆಗೊಬ್ಬರ (ಎರೆಹುಳುವಿನ ಗೊಬ್ಬರ) ಅಥವಾ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 150 ಲೀಟರ್. ಸುಟ್ಟು ಕರಿ ಮಾಡಿದ ಭತ್ತದ ಹೊಟ್ಟು 50 ಲೀಟರ್, ಹಾನಗಲ್, ಕಲಘಟಗಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಕೇಳಿ. ಬೇವಿನ ಹಿಂಡಿ 3 ಕಿಲೋ, ಅಂದರೆ ಬಕೆಟ್ಟಿಗೆ 100 ಗ್ರಾಂ. ಮೂಳೆ ಪುಡಿ ಬಕೆಟ್ಟಿಗೆ 50 ಗ್ರಾಂ. ಟ್ರೈಕೋಡರ್ಮಾ (ಬೇರು ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಒಟ್ಟು 200 ಗ್ರಾಂ. ಇದನ್ನು ನೇರವಾಗಿ ಹಾಕದೆ ಮೊದಲು ಗೊಬ್ಬರದೊಂದಿಗೆ ಕಲಸಿ, ನೀರು ಚಿಮುಕಿಸಿ, ನೆರಳಲ್ಲಿ ತೊಯ್ದ ಗೋಣಿಚೀಲ ಮುಚ್ಚಿ ಒಂದು ವಾರ ಇಡಿ.

ಕೋಕೋಪೀಟಿನಲ್ಲಿ ಉಪ್ಪು ಇರುತ್ತದೆ. ಇಟ್ಟಿಗೆಯನ್ನು 25 ಲೀಟರ್ ನೀರಲ್ಲಿ ನೆನೆಸಿ, ಅರಳಿದ ಮೇಲೆ ಗೋಣಿಚೀಲದಲ್ಲಿ ಹಾಕಿ ಹಿಂಡಿ. ಹೀಗೆ ಮೂರು ಸಲ. ಮೊದಲ ನೀರು ಚಹಾದ ಬಣ್ಣಕ್ಕಿರುತ್ತದೆ, ಮೂರನೆಯದು ತಿಳಿಯಾಗಿ ಬರಬೇಕು. ತೊಳೆಯದೆ ಹಾಕಿದರೆ ಸಸಿಯ ಎಲೆಯಂಚು ಹತ್ತೇ ದಿನದಲ್ಲಿ ಸುಟ್ಟಂತಾಗುತ್ತದೆ.

ಮಿಶ್ರಣ ಸರಿಯಾಗಿದೆಯೇ ಎಂದು ನೋಡುವ ಬಗೆ: ತೇವ ಮಾಡಿ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಎರಡು ಮೂರು ಹನಿ ಬೀಳಬೇಕು, ಮುಷ್ಟಿ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಬೆರಳಿಂದ ಮುಟ್ಟಿದರೆ ಒಡೆಯಬೇಕು. ಒಡೆಯದೆ ಅಂಟಿಕೊಂಡರೆ ಇನ್ನೂ ಸ್ವಲ್ಪ ಸುಟ್ಟ ಹೊಟ್ಟು ಸೇರಿಸಿ. ಉಂಡೆಯೇ ಆಗದಿದ್ದರೆ ಗೊಬ್ಬರ ಸೇರಿಸಿ.

ಬೆಟಗೇರಿ_ಮಾಳಗಿ

ತಳದಾಗ ಎರಡು ಇಂಚು ಖಡಿ (ಜಲ್ಲಿಕಲ್ಲು) ಹಾಕಿದ್ರ ನೀರು ಸರಾಗ ಹೋಗತದಲ್ರೀ? ಎಲ್ಲಾರೂ ಹಂಗ ಹೇಳತಾರ.

ಸಪ್ತಾಪುರ_ಸಸ್ಯ

> ತಳದಾಗ ಎರಡು ಇಂಚು ಖಡಿ ಹಾಕಿದ್ರ

ಹಾಕಬೇಡಿ ಸರ್. ಸಣ್ಣ ಕಣದಿಂದ ದೊಡ್ಡ ಸಂದಿಗೆ ನೀರು ತಾನಾಗಿ ಇಳಿಯುವುದಿಲ್ಲ. ಮೇಲಿನ ಪದರ ಪೂರ್ತಿ ತುಂಬಿದ ಮೇಲೆಯೇ ಖಡಿಯೊಳಗೆ ತೊಟ್ಟಿಕ್ಕುತ್ತದೆ. ನೀರು ನಿಲ್ಲುವ ಪದರ ಮೊದಲು ಬಕೆಟ್ ತಳದಲ್ಲಿತ್ತು, ಈಗ ಅಷ್ಟೇ ದಪ್ಪದ ಪದರ ಖಡಿಯ ಮೇಲೆ ಕೂರುತ್ತದೆ. 14 ಇಂಚಿನ ಬಕೆಟ್ 12 ಇಂಚಿನದಾಯಿತು, ಮೇಲೆ ನಾಲ್ಕೈದು ಕಿಲೋ ಭಾರವೂ ಬಂತು.

ತೂತಿನ ಮೇಲೆ ಹಳೆಯ ಶೇಡ್ ನೆಟ್ಟಿನ ತುಂಡು ಒಂದು ಹಾಕಿ, ಸಾಕು. 20 ಲೀಟರ್ ಬಕೆಟ್ಟಿಗೆ 8 ರಿಂದ 10 ಮಿಲಿಮೀಟರಿನ ತೂತು ಆರು: ನಾಲ್ಕು ತಳದ ಅಂಚಿನಲ್ಲಿ, ಎರಡು ಪಕ್ಕದಲ್ಲಿ ತಳದಿಂದ ಒಂದು ಇಂಚು ಮೇಲೆ. ತಳದ ತೂತನ್ನು ಬೇರು, ಕೆಸರು ಮುಚ್ಚಿದಾಗ ಪಕ್ಕದ ಎರಡು ಕೆಲಸ ಮಾಡುತ್ತವೆ. ಬಕೆಟ್ಟನ್ನು ಸ್ಲ್ಯಾಬಿನ ಮೇಲೆ ನೇರ ಇಡದೆ ಎರಡು ಇಟ್ಟಿಗೆಯ ಮೇಲಿಡಿ.

ಸ್ಲ್ಯಾಬ್_ಲೆಕ್ಕ

ಭಾರದ ಮಾತು ಬಂದಿದ್ದಕ್ಕ ಹೇಳತೀನಿ, ಇದನ್ನ ಯಾರೂ ಮೊದಲು ಕೇಳಂಗಿಲ್ಲ, ಸೋರಿದ ಮ್ಯಾಲೆ ಕೇಳತಾರ.

ಜನ ಓಡಾಡೋ ತಾರಸಿಗೆ ಭಾರತೀಯ ಮಾನಕ 875ರ ಎರಡನೇ ಭಾಗದ ಪ್ರಕಾರ ಹಿಡಿಯೋ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದ್ರ ಸುಮಾರು 150 ಕಿಲೋ. ತೊಯ್ದ ಎರೆ ಮಣ್ಣು ತುಂಬಿದ 20 ಲೀಟರ್ ಬಕೀಟ್ ಒಂದು 35 ಕಿಲೋ ತೂಗತದ. ಒಂದು ಚದರ ಮೀಟರಿನಾಗ ಒತ್ತಿ ಒತ್ತಿ 9 ಇಟ್ರ 315 ಕಿಲೋ. ದುಪ್ಪಟ್ಟಿಗಿಂತ ಹೆಚ್ಚಾತಲ್ಲ. ಕೋಕೋಪೀಟ್ ಮಿಶ್ರಣದ ಬಕೀಟ್ ತೊಯ್ದಾಗ 20 ರಿಂದ 22 ಕಿಲೋ. ಅದನ್ನೂ 9 ಇಟ್ರ 190ರ ಹತ್ರ ಬರತದ. ಅದಕ್ಕ ಚದರ ಮೀಟರಿಗೆ 5ಕ್ಕಿಂತ ಹೆಚ್ಚು ಬ್ಯಾಡ, ನಡುವ ಓಡಾಡಲಿಕ್ಕೂ ಬೇಕು. ಗ್ವಾಡಿ ಮ್ಯಾಲಿನ ಭಾಗಕ್ಕ, ಬೀಮ್ ಹಾದು ಹೋದಲ್ಲಿ ಸಾಲು ಹಿಡೀರಿ, ಕೋಣಿ ನಟ್ಟನಡುವ ಖಾಲಿ ಬಿಡ್ರಿ. 200 ಲೀಟರಿನ ನೀಲಿ ಡ್ರಮ್ ಅರ್ಧ ಕೊಯ್ದು ಇಡೋರು ಅದನ್ನ ಕಂಬದ ನೆತ್ತಿಮ್ಯಾಲೆ ಇಡಬೇಕು.

ಧಾರವಾಡ, ಗದಗ ಹಳೀ ಓಣಿಗಳಾಗ ಮಣ್ಣಿನ ಮಾಳಗಿ ಮನಿ ಇನ್ನೂ ಅದಾವ. ತೊಲಿ, ಜಂತಿ ಮ್ಯಾಲೆ ಮಣ್ಣು ಹಾಸಿದ್ದು. ಅದರ ಮ್ಯಾಲೆ ಒಂದು ಕುಂಡನೂ ಇಡಬ್ಯಾಡ್ರಿ. ಭಾರಕ್ಕಿಂತ ದಿನಾ ಇಳಿಯೋ ತೇವ ತೊಲಿ ಕೊಳಿಸತದ. ಅಂಥಾ ಮನಿಯವರು ಹಿತ್ತಲದಾಗ, ಕಟ್ಟಿ ಮ್ಯಾಲೆ ಬೆಳೀರಿ.

ವಿದ್ಯಾನಗರ_ತಾರಸಿ

ಭಾಳ ಉಪಕಾರ ಆತ್ರಿ. ಎರೆ ಮಣ್ಣು ಇಷ್ಟು ಭಾರ ಅಂತ ಗೊತ್ತಿರಲಿಲ್ಲ. ಇನ್ನೆರಡು ಕೇಳೂದದ. ಯಾವ ಗಿಡಕ್ಕ ಎಷ್ಟು ಲೀಟರ್ ಬೇಕು? ಸಿಮೆಂಟ್ ಚೀಲ ಪುಕ್ಕಟ ಸಿಗತಾವ, ಅದರಾಗ ಬೆಳೀಬಹುದೇನು?

ಎರೆಹೊಲ_ಅಣ್ಣಿಗೇರಿ

ಸಿಮೆಂಟ್ ಚೀಲ ಬ್ಯಾಡ್ರಿ. ನಮ್ಮ ಬಿಸಿಲಿಗೆ ನಾಲ್ಕು ತಿಂಗಳಿಗೆ ಎಳಿ ಎಳಿ ಉದುರತದ, ಕಾಯಿ ಬಿಡೋ ಹೊತ್ತಿಗೆ ಚೀಲ ಹರೀತದ, ಪ್ಲಾಸ್ಟಿಕ್ ಚೂರು ಮಣ್ಣಿನಾಗ ಕೂಡತದ. ಬಿಸಿಲು ತಡಿಯೋ ಎಚ್‌ಡಿಪಿಇ ಗ್ರೋ ಬ್ಯಾಗ್, 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನೋ ದಪ್ಪದ ಅಳತಿ) ಮ್ಯಾಲಿಂದು, ಮೂರು ನಾಲ್ಕು ವರ್ಷ ಬರತದ. 12ಕ್ಕ 12 ಇಂಚಿನ ದುಂಡನ್ನ ಬ್ಯಾಗ್ ಅಂದ್ರ 22 ಲೀಟರ್, 15ಕ್ಕ 15 ಅಂದ್ರ 43 ಲೀಟರ್. ಇಂಚು ಮೂರೇ ಹೆಚ್ಚು, ಮಣ್ಣು ಎರಡರಷ್ಟು. ಕೊಳ್ಳೋವಾಗ ಲೀಟರ್ ಲೆಕ್ಕ ಹಾಕಿ ಕೊಳ್ರಿ.

ಮೆಣಸಿನಕಾಯಿ, ಬೆಂಡಿ, ಚವಳಿ ಗಿಡಕ್ಕ 15 ಲೀಟರ್. ಬದನಿ, ಟೊಮ್ಯಾಟೊ 20 ರಿಂದ 25, ಬಕೀಟಿಗೆ ಒಂದೇ ಗಿಡ. ಎರಡು ಹಚ್ಚಿದ್ರ ಎರಡೂ ಅರ್ಧಕ್ಕರ್ಧ ಕಾಯಿ ಕೊಡತಾವ, ನೀರು ಮಾತ್ರ ದುಪ್ಪಟ್ಟು ಕುಡೀತಾವ. ಹೀರಿ, ಹಾಗಲ, ಸವತಿ, ಪಡವಲ ಬಳ್ಳಿಗೆ 40 ಲೀಟರ್. ಗಜ್ಜರಿಗೆ ಅಗಲ ಬ್ಯಾಡ, 12 ಇಂಚು ಆಳ ಬೇಕು, ಮತ್ತ ಅದಕ್ಕ ಹಸಿ ಗೊಬ್ಬರ ಮುಟ್ಟಿಸಬಾರದು, ಗಡ್ಡಿ ಕವಲು ಒಡೀತದ.

ತಿಪ್ಪಿಗೊಬ್ಬರ ಕಳಿತದ್ದೋ ಇಲ್ಲೋ ನೋಡಲಿಕ್ಕೆ ಒಂದು ಬಟ್ಟಲ ಗೊಬ್ಬರದಾಗ 20 ರಾಜಗಿರಿ ಬೀಜ, ಒಂದು ಬಟ್ಟಲ ಮಣ್ಣಿನಾಗ 20 ಬೀಜ ಹಾಕ್ರಿ. ವಾರದಾಗ ಗೊಬ್ಬರದಾಗ ಕಡಿಮಿ ಹುಟ್ಟಿದ್ರ, ಇಲ್ಲಾ ಹುಟ್ಟಿ ಹಳದಿ ಆದ್ರ, ಅದು ಇನ್ನೂ ಹಸಿ. ತುಂಬೋ ಮುಂದ ಜರಡಿ ಹಿಡೀರಿ. ಬೆರಳು ದಪ್ಪದ ಬಿಳಿ ಗೊಣ್ಣಿ ಹುಳ ಒಂದು ಉಳದ್ರೂ ಬದನಿ ಬೇರು ತಿಂದು ಹಾಕತದ.

ಬೆಟಗೇರಿ_ಮಾಳಗಿ

ಗದಗ ಕಡಿ ನಮಗ ನೀರಿಂದೇ ಚಿಂತಿ. ತುಂಗಭದ್ರಾ ನೀರು ಬಂದ ದಿನ ಅದು, ಬರದ ದಿನ ಬೋರ್ ನೀರು. ಬೋರ್ ನೀರು ಹಾಕಿದ ಕುಂಡದ ಅಂಚಿಗೆ ಬಿಳೀ ಪದರ ಕೂಡತದ. ಹೊಸಾ ಎಲಿ ಹಳದಿ, ನರ ಮಾತ್ರ ಹಸರು.

ಸಪ್ತಾಪುರ_ಸಸ್ಯ

ಬಿಳಿ ಪದರ ಗಡಸು ನೀರಿನ ಸುಣ್ಣ ಮತ್ತು ಉಪ್ಪು. ಸುಣ್ಣ ಕೂಡಿದಂತೆ ಮಣ್ಣು ಕ್ಷಾರವಾಗುತ್ತದೆ, ಆಗ ಕಬ್ಬಿಣ ಮಣ್ಣಲ್ಲೇ ಇದ್ದರೂ ಬೇರಿಗೆ ಸಿಗುವುದಿಲ್ಲ. ಹೊಸ ಎಲೆ ಹಳದಿ, ನರ ಹಸಿರು ಅಂದರೆ ಕಬ್ಬಿಣದ ಕೊರತೆ. ಹಳೆಯ ಎಲೆ ಮೊದಲು ಹಳದಿಯಾದರೆ ಅದು ಸಾರಜನಕದ್ದು, ಎರಡನ್ನೂ ಒಂದೇ ಎಂದುಕೊಂಡು ಯೂರಿಯಾ ಹಾಕುವವರು ಇದ್ದಾರೆ. ಕುಂಡಕ್ಕೆ ಯೂರಿಯಾ ಬೇಡವೇ ಬೇಡ, ಒಂದು ಚಿಟಿಕೆ ಹೆಚ್ಚಾದರೂ ಬೇರು ಸುಡುತ್ತದೆ.

ಒಂದು ಲೀಟರ್ ಮಳೆನೀರು ಅಥವಾ ನಳದ ನೀರಿಗೆ 1 ಗ್ರಾಂ ಲಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಮೊದಲು ಕರಗಿಸಿ, ಆಮೇಲೆ 2 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್). ಸಂಜೆ ಎಲೆಗೆ ಸಿಂಪಡಿಸಿ, ಎಂಟು ದಿನ ಬಿಟ್ಟು ಇನ್ನೊಮ್ಮೆ. ಅನ್ನಭೇದಿ ತಿಳಿ ಹಸಿರು ಹರಳಾಗಿರಬೇಕು, ಕಂದು ಪುಡಿಯಾಗಿದ್ದರೆ ಕೆಟ್ಟಿದೆ. ಕರಗಿಸಿದ್ದನ್ನು ಅವತ್ತೇ ಮುಗಿಸಿ.

ಉಪ್ಪು ತೊಳೆಯುವುದಕ್ಕೆ ಸಿಹಿನೀರು ಬಂದ ದಿನ 20 ಲೀಟರ್ ಕುಂಡಕ್ಕೆ 20 ಲೀಟರ್ ನೀರನ್ನು ಮೂರು ಪಾಲು ಮಾಡಿ, ಅರ್ಧ ಗಂಟೆಗೊಮ್ಮೆ ನಿಧಾನವಾಗಿ ಹಾಕಿ ಕೆಳಗಿಂದ ಹರಿಯಲು ಬಿಡಿ. ಬೇಸಿಗೆಯಲ್ಲಿ ಎರಡು ಸಲ ಮಾಡಿದರೆ ಸಾಕು, ಮಳೆಗಾಲದಲ್ಲಿ ಮಳೆಯೇ ಮಾಡುತ್ತದೆ. ತೊಳೆದಾಗ ಗೊಬ್ಬರದ ಸತ್ವವೂ ಹೋಗುತ್ತದೆ, ಮೂರು ದಿನ ಬಿಟ್ಟು ಹಿಂಡಿ ನೀರು ಕೊಡಿ. ಆರ್‌ಒ ಯಂತ್ರದಿಂದ ಹೊರಬರುವ ನೀರು ಗಿಡಕ್ಕೆ ಬೇಡ. ಅದರಲ್ಲಿ ಉಪ್ಪು ಮೊದಲಿಗಿಂತ ಹೆಚ್ಚಿರುತ್ತದೆ.

ಹೊಸೂರ_ಹಿತ್ತಲ

ಹಿಂಡಿ ನೀರು ಅಂದ್ರ ಹೆಂಗ್ರಿ ಮಾಡೂದು?

ಎರೆಹೊಲ_ಅಣ್ಣಿಗೇರಿ

ಶೇಂಗಾ ಹಿಂಡಿ 100 ಗ್ರಾಂ, ಬೇವಿನ ಹಿಂಡಿ 50 ಗ್ರಾಂ, ನೀರು 1 ಲೀಟರ್. ನಾಲ್ಕು ದಿನ ನೆನೀಲಿ, ದಿನಾ ಎರಡು ಸಲ ಕೋಲಿನಿಂದ ತಿರುವ್ರಿ. ಅರಿವಿಲೆ ಸೋಸಿ 10 ಲೀಟರ್ ನೀರಿಗೆ ಕೂಡಸ್ರಿ, ಗಿಡಕ್ಕ ಅರ್ಧ ಲೀಟರ್, 15 ದಿನಕ್ಕೊಮ್ಮೆ. ಚರಟ ಕುಂಡದ ಮ್ಯಾಲೆ ಹಾಕಬ್ಯಾಡ್ರಿ, ಇರಿವಿ, ಇಲಿ ಬರತಾವ. ಹೂ ಬಿಡೋ ಹೊತ್ತಿಗೆ ಹಿಂಡಿ ನೀರು ಕಡಿಮಿ ಮಾಡಿ, ಕಟ್ಟಿಗಿ ಬೂದಿ ಕುಂಡಕ್ಕೊಂದು ಚಮಚ ಹಾಕಬಹುದು. ಆದ್ರ ಬೋರ್ ನೀರು ಹಾಕೋರು ಬೂದಿ ಬಿಡ್ರಿ, ಅದೂ ಕ್ಷಾರನ.

ತಪ್ಪಲ_ಪಲ್ಯ

ಎಲ್ಲಾರೂ ಬದನಿ, ಟೊಮ್ಯಾಟೊ ಅಂತೀರಿ. ಹೊಸದಾಗಿ ಶುರು ಮಾಡೋರಿಗೆ ತಪ್ಪಲ ಪಲ್ಯಾನ ಮೊದಲು. 25 ದಿನಕ್ಕ ಕೈಗೆ ಬರತದ, ರೋಗಾ ಹತ್ತೋದ್ರೊಳಗ ಕೊಯ್ದು ಆಗಿರತದ.

ಟೊಮ್ಯಾಟೊ ತುಂಬೋ ಪ್ಲಾಸ್ಟಿಕ್ ಕ್ರೇಟ್ ತಗೊಳ್ರಿ, ಒಳಗ ಶೇಡ್ ನೆಟ್ ಹಾಸಿ 7 ಇಂಚು ಮಿಶ್ರಣ ತುಂಬ್ರಿ. ಒಂದು ಕ್ರೇಟಿಗೆ ಮೆಂತೆ ಬೀಜ 10 ಗ್ರಾಂ. ರಾತ್ರಿ ನೆನಸಿ, ಮುಂಜಾನೆ ಚೆಲ್ಲಿ, ಮ್ಯಾಲೆ ಅರ್ಧ ಇಂಚು ಗೊಬ್ಬರ ಉದರಸ್ರಿ. ಹತ್ತು ದಿನಕ್ಕೊಂದು ಕ್ರೇಟ್ ಬಿತ್ತುತಾ ಹೋದ್ರ ಮೂರು ಕ್ರೇಟಿನಾಗ ಪಲ್ಯ ನಿಲ್ಲಂಗಿಲ್ಲ. ಕೊತಂಬರಿ ಕಾಳು ಇಡೀ ಹಾಕಬಾರದು, ಲಟ್ಟಣಿಗಿ ಮೆಲ್ಲಕ ಆಡಿಸಿ ಎರಡು ಹೋಳು ಮಾಡ್ರಿ, ಒಂದು ರಾತ್ರಿ ನೆನಸ್ರಿ, ಹುಟ್ಟಲಿಕ್ಕೆ ಹತ್ತು ದಿನ ಹಿಡೀತದ. ಏಪ್ರಿಲ್, ಮೇ ತಿಂಗಳ ಬಿಸಿ ಮಣ್ಣಿನಾಗ ಸರಿಯಾಗಿ ಹುಟ್ಟಂಗಿಲ್ಲ, ಆಗ ರಾಜಗಿರಿ, ಪುಂಡಿ ಹಾಕ್ರಿ. ರಾಜಗಿರಿ ಬೀಜ ಸಣ್ಣದು, ಒಂದು ಗ್ರಾಂ ಬೀಜಕ್ಕ ಒಂದು ಮುಷ್ಟಿ ಒಣ ಉಸುಕು ಕಲಿಸಿ ಚೆಲ್ಲಿದ್ರ ಸಮ ಬೀಳತದ. ಮ್ಯಾಲೆ ಮಣ್ಣು ಹಾಕೂದು ಬ್ಯಾಡ, ಕೈಲೆ ಒತ್ತಿದ್ರ ಸಾಕು. ನೀರು ಝಾರಿಲೆ ಹಾಕ್ರಿ, ಇಲ್ಲಂದ್ರ ಬೀಜ ಎಲ್ಲಾ ಒಂದು ಮೂಲಿಗೆ ಕೂಡತಾವ.

ಪಾಲಕ ಬುಡ ಬಿಟ್ಟು ಕೊಯ್ದರ ನಾಲ್ಕು ಸಲ ಬರತದ. ಪುಂಡಿ ಕುಡಿ ಚೂಟಿದಷ್ಟೂ ಕವಲು ಒಡೀತದ. ಮೊಳಕಿ ಬಂದ ಉಳ್ಳಾಗಡ್ಡಿ ಚೆಲ್ಲಬ್ಯಾಡ್ರಿ, ಎರಡು ಇಂಚಿಗೊಂದು ಊರಿದ್ರ ತಿಂಗಳಿಗೆ ಉಳ್ಳಾಗಡ್ಡಿ ತಪ್ಪಲ. ಹಕ್ಕರಕಿ ಬೀಜ ಹಳ್ಯಾಗಿನವರ ಕಡಿ ಕೇಳಿ ಇಸಕೊಳ್ರಿ. ಬಿಸಿ ರೊಟ್ಟಿ ಜೋಡಿ ಹಸೀದು ತಿನ್ನೋದು, ಅದಕ್ಕ ಔಷಧ ಹೊಡೀಲಾರದ ಜಾಗಾ ನಮ್ಮ ತಾರಸಿನ.

ಬ್ಯಾಡಗಿ_ಕಡ್ಡಿ

ಮೆಣಸಿನಕಾಯಿ ಬಗ್ಗೆ ಬರೀತೀನಿ. ಬ್ಯಾಡಗಿಗೆ 2011ರಾಗ ಭೌಗೋಳಿಕ ಗುರುತು ಸಿಕ್ಕದ, ಅದರ ಬಣ್ಣಕ್ಕ ಹೆಸರು, ಖಾರ ಕಡಿಮಿ. ಹಸಿ ಮೆಣಸಿನಕಾಯಿ ಬೇಕಾದವರು ಇದನ್ನ ಹಚ್ಚಬ್ಯಾಡ್ರಿ. ಗಿಡದಾಗ ಹಣ್ಣಾಗಿ ಸುಕ್ಕುಗಟ್ಟಿದ ಮ್ಯಾಲೆ ಬಿಡಿಸಿ ಒಣಗಸೂದು ಇದರ ರೀತಿ. ಸಸಿಗೆ 40 ದಿನ ಆಗಿರಬೇಕು, ಕುಂಡ 20 ಲೀಟರ್, ಯಾಕಂದ್ರ ಗಿಡ ಹರವತದ, ಏಳೆಂಟು ತಿಂಗಳು ನಿಲ್ಲತದ.

ಎಲ್ಲಾರ ಗಿಡಕ್ಕೂ ಬರೋದು ಮುಟುರು ರೋಗ. ಎಲಿ ಮುದುಡಿದ ಕೂಡಲೇ ಸಿಕ್ಕ ಔಷಧ ಹೊಡೀಬ್ಯಾಡ್ರಿ, ಮೊದಲು ಎಲಿ ಯಾವ ಕಡಿ ಮುದುಡೇದ ನೋಡ್ರಿ. ಎಲಿ ಅಂಚು ಮ್ಯಾಲೆ ಎದ್ದು ದೋಣಿ ಹಂಗ ಆಗಿದ್ರ ಥ್ರಿಪ್ಸ್ ನುಸಿ. ಅಂಚು ಕೆಳಗ ಬಾಗಿ ದೋಣಿ ಬೋರಲ ಹಾಕಿದಂಗ ಇದ್ದು, ಎಲಿ ತೊಟ್ಟು ಉದ್ದ ಆಗಿದ್ರ ಮೈಟ್ ನುಸಿ. ಎಲಿ ಸಣ್ಣಾಗಿ, ಗಂಟು ಒತ್ತಾಗಿ, ಗಿಡ ಕುಳ್ಳಾಗಿ ಗೊಂಚಲ ಗೊಂಚಲ ಕಂಡ್ರ ಅದು ಬಿಳಿ ನೊಣ ತಂದ ವೈರಸ್, ಔಷಧ ಇಲ್ಲ, ಗಿಡ ಕಿತ್ತು ಚೀಲದಾಗ ಕಟ್ಟಿ ಒಗೀರಿ.

ಥ್ರಿಪ್ಸಿಗೆ ನೀಲಿ ಅಂಟು ಹಾಳಿ, ಗಿಡದ ನೆತ್ತಿಗೆ ಸಮ, ಹತ್ತು ಕುಂಡಕ್ಕೊಂದು. 10,000 ಪಿಪಿಎಂ (ಸತ್ವದ ಪ್ರಮಾಣದ ಅಳತಿ) ಬೇವಿನ ಔಷಧ ಲೀಟರಿಗೆ 2 ಮಿಲಿ, 1,500 ಪಿಪಿಎಂ ಇದ್ರ 5 ಮಿಲಿ. ಡಬ್ಬಿ ಮ್ಯಾಲಿನ ಪಿಪಿಎಂ ನೋಡದ ಹಾಕಿದ್ರ ಒಂದೋ ಕೆಲಸ ಮಾಡಂಗಿಲ್ಲ, ಇಲ್ಲಾ ಎಲಿ ಸುಡತದ. ಅದಕ್ಕ ಅರ್ಧ ಮಿಲಿ ಸೋಪಿನ ದ್ರಾವಣ ಕೂಡಸ್ರಿ, ಸಂಜಿ ಮುಂದ ಎಲಿ ಕೆಳಮೈಗೆ ಹೊಡೀರಿ. ಆರು ದಿನಕ್ಕೊಂದು ಸಲ, ಮೂರು ಸಲ. 2021ರಿಂದ ಹೂವಿನೊಳಗ ಕೂಡೋ ಕರೀ ಥ್ರಿಪ್ಸ್ ಬಂದದ. ಹೂವನ್ನ ಬಿಳಿ ಹಾಳಿ ಮ್ಯಾಲೆ ಝಾಡಿಸಿದ್ರ ಕಾಣತಾವ. ಹೂ ಉದುರಾಕತ್ತಿದ್ರ ಮೊದಲು ಇದನ್ನ ನೋಡ್ರಿ.

ಮೈಟಿಗೆ ನೀರಿನಾಗ ಕರಗೋ ಗಂಧಕ 80 ಪ್ರತಿಶತದ್ದು ಲೀಟರಿಗೆ 2 ಗ್ರಾಂ, ಮುಂಜಾನೆ ತಂಪಿನಾಗ. ಬೇವಿನ ಎಣ್ಣಿ ಹೊಡದು 15 ದಿನ ಆಗೂತನಕ ಗಂಧಕ ಮುಟ್ಟಬ್ಯಾಡ್ರಿ, ಎರಡೂ ಕೂಡಿದ್ರ ಎಲಿ ಸುಡತದ. ಸವತಿ, ಹೀರಿ ಜಾತಿ ಬಳ್ಳಿಗೂ ಗಂಧಕ ಬ್ಯಾಡ.

ಹೊಸೂರ_ಹಿತ್ತಲ

ಅಣ್ಣಾರ, ಟೊಮ್ಯಾಟೊ ತಳಕ್ಕ ಕರೀ ಮಚ್ಚಿ ಬೀಳತದ, ಚರ್ಮದಂಗ ಗಟ್ಟಿ. ಸುಣ್ಣ ಕಡಿಮಿ ಅಂತ ಅಂಗಡ್ಯಾಗ ಕ್ಯಾಲ್ಸಿಯಂ ಕೊಡತಾರ. ಹಾಕಬೇಕೇನು?

ಸಪ್ತಾಪುರ_ಸಸ್ಯ

ನಮ್ಮ ಬೋರ್ ನೀರಲ್ಲೇ ಬೇಕಾದಷ್ಟು ಸುಣ್ಣ ಇದೆ. ಕೊರತೆ ಸುಣ್ಣದ್ದಲ್ಲ, ಸಾಗಣೆಯದ್ದು. ಕ್ಯಾಲ್ಸಿಯಂ ನೀರಿನ ಜೊತೆಗೇ ಏರುತ್ತದೆ. ಕುಂಡ ಒಂದು ದಿನ ಪೂರ್ತಿ ಒಣಗಿ ಮರುದಿನ ತುಂಬಿದರೆ, ಏರಿದ ಅಷ್ಟಿಷ್ಟು ನೀರನ್ನು ಎಲೆಗಳೇ ಎಳೆದುಕೊಳ್ಳುತ್ತವೆ, ಕಾಯಿಯ ತುದಿಗೆ ಮುಟ್ಟುವುದಿಲ್ಲ. ನೀರು ದಿನಕ್ಕೊಮ್ಮೆ, ಹೊತ್ತಿಗೆ ಸರಿಯಾಗಿ. ಚಳಿಗಾಲದಲ್ಲಿ ಕಾಯಿ ಹಿಡಿದ ಟೊಮ್ಯಾಟೊ ಬಕೆಟ್ಟಿಗೆ ಒಂದರಿಂದ ಒಂದೂವರೆ ಲೀಟರ್, ಏಪ್ರಿಲ್ ತಿಂಗಳಲ್ಲಿ ಮುಂಜಾನೆ ಎರಡು, ಸಂಜೆ ಒಂದು. ಮೇಲೆ ಎರಡು ಇಂಚು ಕಬ್ಬಿನ ರವದಿ ಅಥವಾ ಶೇಂಗಾ ಸಿಪ್ಪೆ ಹೊದಿಸಿ. ಮಚ್ಚೆ ಬಿದ್ದ ಕಾಯಿ ಸರಿಹೋಗುವುದಿಲ್ಲ, ಕಿತ್ತುಬಿಡಿ, ಮುಂದಿನ ಗೊಂಚಲು ಚೆನ್ನಾಗಿ ಬರುತ್ತದೆ.

ಟೊಮ್ಯಾಟೊ ಸಸಿ ಹಚ್ಚುವ ಹೊತ್ತು ಇಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್. ಹಗಲು 35 ಡಿಗ್ರಿ ದಾಟಿದರೆ ಹೂ ಉದುರುತ್ತದೆ, ಮಾರ್ಚ್ ನಂತರ ಹಚ್ಚಿದ್ದು ಎಲೆ ಮಾತ್ರ ಕೊಡುತ್ತದೆ. ಎಲೆ ಮುರುಟು ತಡೆಯುವ ತಳಿ ಬೇಕಿದ್ದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್, ಬೆಂಡೆಯ ಹಳದಿ ನರ ರೋಗ ತಡೆಯುವುದಕ್ಕೆ ಅರ್ಕ ಅನಾಮಿಕ. ರಕ್ಷಕ್ ಹೈಬ್ರಿಡ್, ಅದರ ಬೀಜ ಉಳಿಸಿಕೊಂಡು ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಅನಾಮಿಕದ ಬೀಜ ಉಳಿಸಿಕೊಳ್ಳಬಹುದು.

ಕಪ್ಪತಗುಡ್ಡ_ಗಾಳಿ

ಮಿರಗ ಅಂದ್ರಿ, ಹಂಗಾದ್ರ ಆಷಾಢದ ಗಾಳಿದೂ ವಿಚಾರ ಮಾಡ್ರಿ. ಕಪ್ಪತಗುಡ್ಡದ ಮ್ಯಾಲೆ ಗಾಳಿಗಿರಣಿ ಸುಮ್ಮನ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಪಶ್ಚಿಮದ ಗಾಳಿ ಬಿಡೂದಿಲ್ಲ. ಬಳ್ಳಿ ಚಪ್ಪರ, ಬಲಿ ಪೂರ್ವ ಪಶ್ಚಿಮ ಉದ್ದಕ್ಕ ಕಟ್ಟರಿ. ಗಾಳಿ ಪಕ್ಕದಿಂದ ಜಾರಿ ಹೋಗತದ. ಉತ್ತರ ದಕ್ಷಿಣ ಕಟ್ಟಿದ್ರ ಹಾಯಿ ಹಂಗ ಉಬ್ಬಿ ಕುಂಡ ಸಮೇತ ಬೀಳತದ. ಬ್ಯಾಸಗಿ ಶೇಡ್ ನೆಟ್ಟು ಮಿರಗಕ್ಕಿಂತ ಮೊದಲು ಬಿಚ್ಚಿ ಮಡಚಿ ಇಡ್ರಿ. ಬದನಿ ಗಿಡಕ್ಕ ಕೋಲು ಸಸಿ ಹಚ್ಚೋ ದಿನಾನ ಊರಬೇಕು, ಆಮ್ಯಾಲೆ ಊರಿದ್ರ ಬೇರು ಹರೀತಾವ. ಅರಿವಿ ಚಿಂದಿಲೆ ಎಂಟರ ಆಕಾರದಾಗ ಸಡಿಲ ಕಟ್ಟರಿ.

ಬ್ಯಾಸಗಿಗೆ ಕರೀ ಬಕೀಟಿನ ಹೊರಮೈಗೆ ಸುಣ್ಣ ಬಳೀರಿ. ಪಶ್ಚಿಮದ ಬಿಸಿಲು ಬಿದ್ದ ಕರೀ ಪ್ಲಾಸ್ಟಿಕ್ಕಿನ ಒಳಗ ಬೇರು ಬೇಯತಾವ, ನೀರು ಇದ್ರೂ ಗಿಡ ಬಾಡತದ.

ಬೆಟಗೇರಿ_ಮಾಳಗಿ

ಮಂಗ್ಯಾಗೋಳ ಕಾಟಕ್ಕ ಏನರ ಉಪಾಯ?

ತಪ್ಪಲ_ಪಲ್ಯ

ಧಾರವಾಡದಾಗ ಇದ್ದದ್ದ. ಪೂರ್ತಿ ನೈಲಾನ್ ಬಲಿ ಮುಚ್ಚಿದ್ರ ಮಾತ್ರ, ಬ್ಯಾರೆ ಯಾವುದೂ ನಾಲ್ಕು ದಿನಕ್ಕಿಂತ ಹೆಚ್ಚು ನಡಿಯಂಗಿಲ್ಲ. ಬಲಿ ಕಟ್ಟೋದು ಆಗದಿದ್ರ ಹಾಗಲ, ಮೆಣಸಿನಕಾಯಿ, ಪುಂಡಿ ಹೊರಗಿನ ಸಾಲಿಗೆ ಇಡ್ರಿ, ಅವನ್ನ ಕಡಿಮಿ ಮುಟ್ಟತಾವ.

ಹೊಸೂರ_ಹಿತ್ತಲ

ಹೀರಿಕಾಯಿ ಬಳ್ಳಿ ತುಂಬ ಹೂ, ಒಂದೂ ಕಾಯಿ ನಿಲ್ಲವಲ್ದು. ಬೆರಳಷ್ಟು ಆಗಿ ಹಳದಿ ಆಗಿ ಉದುರತದ. ಮುಂಜಾನೆ ಬ್ರಶ್ಶಿನಿಂದ ಪರಾಗ ಮುಟ್ಟಿಸಿದ್ರೂ ಹಿಂಗ.

ಎರೆಹೊಲ_ಅಣ್ಣಿಗೇರಿ

ಹೊತ್ತು ತಪ್ಪೇದ್ರಿ ಅಕ್ಕಾರ. ಹೀರಿ ಹೂ ಅರಳೂದು ಸಂಜಿ 5ರ ಮ್ಯಾಲೆ. ಮುಂಜಾನೆ ಹೊತ್ತಿಗೆ ಪರಾಗದ ಕಸುವು ಹೋಗಿರತದ. ಸೋರಿಕಾಯಿ, ಪಡವಲನೂ ಸಂಜಿದ್ದ. ಸವತಿ, ಹಾಗಲ, ತುಪ್ಪೀರಿ, ಕುಂಬಳ ಮುಂಜಾನೆ ಅರಳತಾವ, ಅವಕ್ಕ 9ರೊಳಗ ಮಾಡಬೇಕು.

ಹೆಣ್ಣು ಹೂವಿನ ಹಿಂದ ಸಣ್ಣ ಕಾಯಿ ಇರತದ, ಗಂಡು ಹೂವಿಗೆ ಬರೇ ತೊಟ್ಟು. ಮೊದಲ ಹದಿನೈದು ದಿನ ಗಂಡು ಹೂವ ಬರತಾವ, ಗಾಬರಿ ಆಗಬ್ಯಾಡ್ರಿ. ಬ್ರಶ್ ಬಿಡ್ರಿ, ಗಂಡು ಹೂ ಕಿತ್ತು ಪಕಳಿ ಹಿಂದ ಮಡಚಿ, ನಡುವಿನ ಹಳದಿ ಪರಾಗವನ್ನ ಹೆಣ್ಣು ಹೂವಿನ ನಡುವಿಗೆ ಮೆಲ್ಲಕ ಸುತ್ತೂಕಡಿ ಒರಸ್ರಿ. ಒಂದು ಗಂಡು ಹೂ ಎರಡು ಹೆಣ್ಣಿಗೆ ಸಾಕು. ಮೂರನೇ ದಿನಕ್ಕ ಕಾಯಿ ಉದ್ದ ಆಗಾಕ ಹತ್ತಿದ್ರ ಹಿಡೀತು ಅಂತ ತಿಳೀರಿ.

ವಿದ್ಯಾನಗರ_ತಾರಸಿ

ಮಸಾರಿ ಮಣ್ಣು, ಭತ್ತದ ಹೊಟ್ಟು ಹೊಂದಿಸಲಿಕ್ಕೆ ಹತ್ತೇವಿ. ಕಡೀದೊಂದು ಕೇಳತೀನಿ. ಬಕೀಟಿನಿಂದ ತಗದ ಹಳೀ ಮಣ್ಣಿನಾಗ ಕೊಳತ ಬೇರು ಅದಾವ. ಕೆಲವು ಬದನಿ ಬೇರಿಗೆ ಸಣ್ಣ ಸಣ್ಣ ಗಂಟು ಕಂಡಾವ. ಎರೆ ಮಣ್ಣು 50 ಲೀಟರ್ ಹಾಕ್ರಿ ಅಂದ್ರಿ, ಇದನ್ನ ಹಾಕಬಹುದೋ?

ಸಪ್ತಾಪುರ_ಸಸ್ಯ

ಗಂಟು ಕಂಡ ಮಣ್ಣನ್ನು ಈಗ ಹಾಕಬೇಡಿ. ಗಂಟು ಬೇರಿನ ಮೈಯೊಳಗೇ ಉಬ್ಬಿದ್ದರೆ ಅದು ಬೇರುಗಂಟು ಜಂತುಹುಳು. ಅಲಸಂದಿ, ಚವಳಿ ಬೇರಿನಲ್ಲಿ ಹೊರಗೆ ಅಂಟಿಕೊಂಡು ಉಗುರಿಂದ ಸುಲಭವಾಗಿ ಬಿಡುವ ಗುಲಾಬಿ ಗಂಟು ಒಳ್ಳೆಯದು, ಅದು ಸಾರಜನಕದ ಗಂಟು. ಬದನೆಯಲ್ಲಿ ಅಂಥದ್ದು ಇರುವುದಿಲ್ಲ, ನಿಮ್ಮದು ಜಂತುಹುಳುವೇ. ಮಿಶ್ರಣಕ್ಕೆ ಹೊಲದಿಂದ ಹೊಸ ಎರೆ ಮಣ್ಣು ಎರಡು ಬುಟ್ಟಿ ತನ್ನಿ, ಅಥವಾ ಅದರ ಬದಲು ಮಸಾರಿಯನ್ನೇ ಹೆಚ್ಚು ಹಾಕಿ.

ಹಳೆಯದನ್ನು ಚೀಲದಲ್ಲಿ ತುಂಬಿ ಮಳೆ ತಾಗದಂತೆ ಬೇರೆ ಇಡಿ, ಸಲಿಕೆ, ಕುರ್ಪಿ ತೊಳೆದು ಬಳಸಿ. ಅದನ್ನು ಸರಿಮಾಡುವುದು ಯುಗಾದಿ ಆದ ಮೇಲಿನ ಬಿಸಿಲು. ಬೇರೆಲ್ಲಾ ಆರಿಸಿ ತೆಗೆದು, ಹೆಂಟೆ ಒಡೆದು, ತಾರಸಿಯ ಮೇಲೆ ಹಾಳೆ ಹಾಸಿ ಮೂರು ಇಂಚು ದಪ್ಪ ಹರಡಿ, ಚೆನ್ನಾಗಿ ನೀರು ಹಾಕಿ. ತೇವ ಇಲ್ಲದಿದ್ದರೆ ಕಾವು ಒಳಗೆ ಇಳಿಯುವುದಿಲ್ಲ. ಮೇಲೆ ಪಾರದರ್ಶಕ ಪಾಲಿಥೀನ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚಿಗೆ ಇಟ್ಟಿಗೆ ಹೇರಿ. ಕರಿ ಹಾಳೆ ಬೇಡ, ಕಾವು ಅದರ ಮೈಯಲ್ಲೇ ಉಳಿಯುತ್ತದೆ. ಆರು ವಾರ ಬಿಡಿ, ನಡುವೆ ಒಮ್ಮೆ ತಿರುವಿ ಮತ್ತೆ ನೀರು ಹಾಕಿ ಮುಚ್ಚಿ.

ಹಾಳೆ ತೆಗೆದ ಮೇಲೆ ಎರಡು ಪಾಲು ಹಳೆಯದಕ್ಕೆ ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್, 20 ಲೀಟರಿಗೆ 100 ಗ್ರಾಂ ಬೇವಿನ ಹಿಂಡಿ. ಟ್ರೈಕೋಡರ್ಮಾ ಆಮೇಲೆಯೇ ಹಾಕಬೇಕು, ಮೊದಲು ಹಾಕಿದರೆ ಅದೂ ಬಿಸಿಲಿಗೆ ಸಾಯುತ್ತದೆ. ಆ ಬಕೆಟ್ಟುಗಳಿಗೆ ಮೊದಲ ಸಲ ಚೆಂಡು ಹೂ ಹಚ್ಚಿ, ಆಮೇಲೆ ಮೆಂತೆ ಅಥವಾ ಉಳ್ಳಾಗಡ್ಡಿ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಮೂರೂ ಒಂದೇ ಕುಟುಂಬದವು, ಒಂದರ ಬೆನ್ನಿಗೆ ಇನ್ನೊಂದು ಅದೇ ಮಣ್ಣಿನಲ್ಲಿ ಬೇಡ. ಬಕೆಟ್ಟಿನ ಮೇಲೆ ಯಾವ ಬೆಳೆ, ಯಾವ ತಿಂಗಳು ಅಂತ ಪೇಂಟಿನಲ್ಲಿ ಬರೆದಿಡಿ, 30 ಬಕೆಟ್ಟಿನದು ನೆನಪಲ್ಲಿ ಉಳಿಯುವುದಿಲ್ಲ.